ಕೆಂಪು ಕಾರು ತಗೊಂಡ್ರೆ ಇನ್ಶೂರೆನ್ಸ್ ಜಾಸ್ತಿ ಆಗುತ್ತಾ?

ಇಲ್ಲ. ನಮ್ಮಲ್ಲಿ ಪ್ರೀಮಿಯಂ ಲೆಕ್ಕದಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ವಿರಾಜಪೇಟೆಯ ಶೋರೂಮಲ್ಲಿ ಕೆಂಪು ಕಾರು ಇಷ್ಟವಾಯ್ತಾ? ಧೈರ್ಯವಾಗಿ ಬುಕ್ ಮಾಡಿ.

ಪಾಲಿಸಿಯಲ್ಲಿ ಎರಡು ಭಾಗ ಇರುತ್ತೆ. ಒಂದು ಥರ್ಡ್ ಪಾರ್ಟಿ, ಅಂದ್ರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದರ ದರವನ್ನು ಸರ್ಕಾರವೇ ಇಂಜಿನ್ ಸಿಸಿ ನೋಡಿ ನಿಗದಿ ಮಾಡುತ್ತೆ. 2022ರ ಆದೇಶದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ದಾಟಿದರೆ 7,897.

ಇನ್ನೊಂದು ನಿಮ್ಮ ಕಾರಿಗೇ ಆಗುವ ಹಾನಿಗೆ. ಮಳೆಗಾಲದಲ್ಲಿ ತೋಟದ ಸಿಲ್ವರ್ ಓಕ್ ಕೊಂಬೆ ಬಾನೆಟ್ ಮೇಲೆ ಬಿತ್ತು ಅಂತಿಟ್ಟುಕೊಳ್ಳಿ. ಕಂಪನಿ ಕೊಡಬೇಕಾದ ದುಡ್ಡು ಕಾರಿನ ಬೆಲೆ, ಮಾಡೆಲ್, ವಯಸ್ಸಿನ ಮೇಲೆ ನಿಂತಿರುತ್ತೆ. ಕೆಂಪು ಬಾನೆಟ್ಟೂ ಬಿಳಿ ಬಾನೆಟ್ಟೂ ಒಂದೇ ಥರ ನೆಗ್ಗುತ್ತವೆ, ಅಲ್ವಾ? ಅದಕ್ಕೇ ಪ್ರೀಮಿಯಂ ಕೂಡ ಬೆಲೆ, ಮಾಡೆಲ್, ವಯಸ್ಸನ್ನೇ ನೋಡುತ್ತೆ. ಕ್ಲೇಮ್ ಇಲ್ಲದೆ ಐದು ವರ್ಷ ಓಡಿಸಿದರೆ ಈ ಭಾಗದಲ್ಲಿ ಶೇ. 50ರವರೆಗೆ ರಿಯಾಯಿತಿ ಸಿಗುತ್ತೆ. ಗಮನ ಕೊಡಬೇಕಾದ್ದು ಇದಕ್ಕೆ.

ಒಂದು ಮಾತು: ಆಮೇಲೆ ಕಾರಿನ ಬಣ್ಣ ಬದಲಿಸಿದರೆ ಸುಮ್ನೆ ಬಿಡಬೇಡಿ. ಆರ್‌ಸಿಯಲ್ಲಿ, ಅಂದ್ರೆ ಕಾರಿನ ನೋಂದಣಿ ಪತ್ರದಲ್ಲಿ, ಬಣ್ಣ ನಮೂದಾಗಿರುತ್ತೆ. ಮಡಿಕೇರಿ ಆರ್‌ಟಿಓದಲ್ಲಿ ತಿದ್ದಿಸಿ, ವಿಮಾ ಕಂಪನಿಗೂ ತಿಳಿಸಿ. ಇಲ್ಲವಾದರೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು.