ಇಳಾಗೆ ಮಿಡಲ್ ನೇಮ್ ಹುಡುಕುವ ಮೊದಲು ಆ 'ಎಸ್' ಬಿಡಿಸಿ ಬರೆಯಿರಿ

ಮಗಳಿಗೆ ಇಳಾ ಎಂದು ಹೆಸರು ಗೊತ್ತುಮಾಡಿದ್ದೀರಿ. ಮನೆಯಲ್ಲಿ ಸರ್‌ನೇಮ್ ಇಲ್ಲ, ಅಪ್ಪ ಸತೀಶರ 'ಎಸ್' ಮಾತ್ರ. ನಡುವೆ ಯಾವ ಹೆಸರು ಹೊಂದುತ್ತದೆ ಎಂದು ಕೇಳಿದ್ದೀರಿ. 2015ರಲ್ಲಿ ನಾವೂ ಇದನ್ನೇ ಕೇಳುತ್ತಿದ್ದೆವು. ನಮ್ಮ ಮಗಳ ಹೆಸರು ನಿಹಾರಿಕಾ, ಅದರ ಜೊತೆ ಯಾವುದು ಚೆಂದ ಎಂದು ಎರಡು ತಿಂಗಳು ಚರ್ಚಿಸಿದೆವು, ಇನಿಶಿಯಲ್ ಬಗ್ಗೆ ಎರಡು ನಿಮಿಷವೂ ಯೋಚಿಸಲಿಲ್ಲ. ಕೊನೆಗೆ ಯಾವುದೂ ಒಪ್ಪಿಗೆಯಾಗದೆ ಜನನ ಪ್ರಮಾಣಪತ್ರದಲ್ಲಿ 'ನಿಹಾರಿಕಾ ಎಂ.' ಎಂದು ಬರೆಸಿದೆವು. ತಪ್ಪಿದ್ದು ಅಲ್ಲೇ.

ಇದು ಸಣ್ಣದಾಗಿ ಕಾಣುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. 'ಎಂ.' ಎನ್ನುವುದು ಹೆಸರಲ್ಲ, ಹೆಸರಿನ ಗುರುತು. ಅದನ್ನು ನೋಡಿದವರು ತಮಗೆ ತೋಚಿದಂತೆ ಬರೆದುಕೊಳ್ಳುತ್ತಾರೆ. ಆಧಾರ್‌ನಲ್ಲಿ ಚುಕ್ಕಿ ಹೋಗಿ 'ನಿಹಾರಿಕಾ ಎಂ' ಆಯಿತು. ಶಾಲೆಯ ದಾಖಲಾತಿಯಲ್ಲಿ ಅಕ್ಷರ ಮುಂದಕ್ಕೆ ಬಂದು 'ಎಂ. ನಿಹಾರಿಕಾ' ಆಯಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಪೂರ್ತಿ ಬರೆಯಬೇಕು. ಅವಳಪ್ಪನ ಹೆಸರು ಮಹೇಶ್ ಎಂದು ಬರೆದೆವು. ಆದರೆ ನಮಗೆ ಸರ್‌ನೇಮ್ ಇಲ್ಲವಲ್ಲ ಎಂದು ಆ ಕಾಲಂ ಖಾಲಿ ಬಿಟ್ಟು, ಎರಡೂ ಪದಗಳನ್ನು ಗಿವನ್ ನೇಮ್, ಅಂದರೆ ಇಟ್ಟ ಹೆಸರಿನ ಕಾಲಂಗೆ ತುಂಬಿದೆವು. ಭಾರತದ ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಇರುವುದು ಎರಡೇ ಕಾಲಂ, ಸರ್‌ನೇಮ್ ಮತ್ತು ಗಿವನ್ ನೇಮ್. ಮಿಡಲ್ ನೇಮ್ ಎಂಬ ಕಾಲಂ ಅಲ್ಲಿ ಇಲ್ಲವೇ ಇಲ್ಲ.

ಅಮೆರಿಕದ ವೀಸಾ ಬಂದಾಗ ಇದರ ಫಲ ಕಣ್ಣಿಗೆ ಬಿತ್ತು. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ಹೋದರೆ ಅವರು ಗಿವನ್ ನೇಮ್‌ನಲ್ಲಿರುವುದನ್ನು ಪೂರ್ತಿಯಾಗಿ ಸರ್‌ನೇಮ್ ಜಾಗಕ್ಕೆ ಸರಿಸುತ್ತಾರೆ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ. ದಿನಕ್ಕೆ ನೂರು ಸಲ ಕರೆಯುವ ಮಗುವಿನ ಹೆಸರು ವೀಸಾದ ಮೇಲೆ 'ಗೊತ್ತಿಲ್ಲ' ಎಂದಾಗಿತ್ತು.

ಸರಿಮಾಡಲು ಹೊರಟರೆ ಒಂದಕ್ಕೊಂದು ಗಂಟು. ಪಾಸ್‌ಪೋರ್ಟ್ ಮರುವಿತರಣೆಗೆ ಮಕ್ಕಳಿಗೆ ₹1000, ಅದು ದೊಡ್ಡದಲ್ಲ. ಆದರೆ ಅದಕ್ಕೆ ಮೊದಲು ಆಧಾರ್ ತಿದ್ದಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಇಡೀ ಜೀವಮಾನಕ್ಕೆ ಎರಡೇ ಅವಕಾಶ, ಅದರಲ್ಲಿ ಒಂದು ಎಂಟನೇ ವರ್ಷಕ್ಕೇ ಮುಗಿಯಿತು. ಜನನ ಪ್ರಮಾಣಪತ್ರ ಮಾತ್ರ ಹಾಗೇ ಉಳಿದಿದೆ. ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಿದ್ದುಪಡಿಗೆ ದಾರಿ ಇರುವುದು ನಮೂದು ತಪ್ಪಾಗಿದ್ದರೆ. ನಮ್ಮದು ಬರೆದವರ ತಪ್ಪಲ್ಲ, ನಾವೇ ಹೇಳಿ ಬರೆಸಿದ್ದು. ಈಗ ಎಲ್ಲಿಗೆ ಹೋದರೂ ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ ಜೊತೆಗಿರಬೇಕು. ನಿಮ್ಮ ಮಗಳಿಗೆ ಜನನ ಪ್ರಮಾಣಪತ್ರ ಇನ್ನೂ ಮುಖ್ಯ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ.

ಹಾಗಂತ 'ಇಳಾ' ಒಂದನ್ನೇ ಬರೆಸಿ ಬಿಡಬೇಡಿ. 2022ರ ನವೆಂಬರ್‌ನಿಂದ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ನನ್ನ ತಕರಾರಿದೆ. ಅಲಂಕಾರಕ್ಕೆಂದು ನಡುವೆ ಸೇರಿಸುವ ಹೆಸರು ನಮ್ಮ ಪದ್ಧತಿಯಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ನಡುವಿನದು ತಂದೆಯ ಹೆಸರು, ಕೊನೆಯದು ಮನೆತನ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಆಮೇಲೆ ಸ್ವಂತ ಹೆಸರು. ಎರಡರಲ್ಲೂ ನಡುವೆ ಕೂತಿರುವುದು ಅಪ್ಪನೇ. ಅಜ್ಜಿಯ ಹೆಸರು, ನಕ್ಷತ್ರದ ಹೆಸರು ಬಿಟ್ಟುಹೋಗುತ್ತದೆ ಎಂಬ ಸಂಕಟಕ್ಕೆ ಹಿರಿಯರು ಆಗಲೇ ಜಾಗ ಮಾಡಿಟ್ಟಿದ್ದಾರೆ. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಬೇರೆಬೇರೆ ಬರೆಯುತ್ತಾರಲ್ಲ, ಕಾಗದಕ್ಕೆ ಹೋಗಬೇಕಾದದ್ದು ವ್ಯವಹಾರನಾಮ ಮಾತ್ರ. ಉಳಿದವು ತೊಟ್ಟಿಲಿಗೆ, ಸಂಕಲ್ಪಕ್ಕೆ ಇರಲಿ.

ಇಷ್ಟಾದ ಮೇಲೂ ಎರಡನೇ ಹೆಸರು ಬೇಕೆನಿಸಿದರೆ ಅದನ್ನು ಗಿವನ್ ನೇಮ್‌ನ ಎರಡನೇ ಪದ ಎಂದುಕೊಳ್ಳಿ, ಸತೀಶ್ ಎಂಬುದನ್ನು ಪೂರ್ತಿಯಾಗಿ ಸರ್‌ನೇಮ್ ಕಾಲಂಗೆ ಹಾಕಿ. ಬೇಕಿದ್ದರೆ ಆ ಜಾಗಕ್ಕೆ ನಿಮ್ಮ ಹೆಸರೂ ಬರಬಹುದು, ಅಪ್ಪನದೇ ಆಗಬೇಕೆಂದೇನಿಲ್ಲ.

ಹೊಂದಾಣಿಕೆ ನೋಡುವುದು ಕಿವಿಯಿಂದ, ಪಟ್ಟಿಯಿಂದಲ್ಲ. ಇಳಾ 'ಆ'ದಲ್ಲಿ ಮುಗಿಯುತ್ತದೆ. ಅದರ ಮುಂದೆ ಸ್ವರದಿಂದ ಶುರುವಾಗುವ ಹೆಸರು ಬಂದರೆ ಸಂಧಿಯಾಗಿ ಎರಡೂ ಕರಗುತ್ತವೆ. 'ಇಳಾ ಅದಿತಿ' ಎಂದು ಬೇಗ ಕರೆದು ನೋಡಿ, 'ಇಳಾದಿತಿ' ಎಂದೇ ಕೇಳುತ್ತದೆ. 'ಇಳಾ ಲಲಿತಾ' ಎಂದರೆ ಳಕಾರದಿಂದ ಲಕಾರಕ್ಕೆ ಹೊರಳುವಾಗ ನಾಲಿಗೆ ತೊಡರುತ್ತದೆ. 'ಇಳಾ ಮಾಲಾ' ಪ್ರಾಸವಾಗಿ ಶಿಶುಗೀತೆಯಂತಾಗುತ್ತದೆ. ಮೊದಲ ಹೆಸರು ಎರಡೇ ಅಕ್ಷರದ್ದಾದ್ದರಿಂದ ಎರಡನೆಯದು ಮೂರಕ್ಷರದ್ದಿರಲಿ, ವ್ಯಂಜನದಿಂದ ಶುರುವಾಗಲಿ, 'ಇ'ಕಾರದಲ್ಲಿ ಮುಗಿಯಲಿ. ಕಾವೇರಿ, ನಂದಿನಿ, ಭಾರ್ಗವಿ ಮೂರೂ ಚೆನ್ನಾಗಿ ಕೂರುತ್ತವೆ. ನನ್ನನ್ನು ಕೇಳಿದರೆ ಇಳಾ ಕಾವೇರಿ. ಇಳೆ ಎಂದರೆ ಭೂಮಿ, ಜೊತೆಗೆ ನದಿ.

ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ 39 ಜಾಗ ಇರುತ್ತದೆ. ಸರ್‌ನೇಮ್, ಎರಡು ಬಾಣದ ಗುರುತು, ಗಿವನ್ ನೇಮ್, ಪದಗಳ ನಡುವಿನ ಗುರುತು ಎಲ್ಲ ಅದರಲ್ಲೇ. ಇಳಾ ಕಾವೇರಿ ಸತೀಶ್ ಇಂಗ್ಲಿಷ್‌ನಲ್ಲಿ 18ಕ್ಕೆ ಮುಗಿಯುತ್ತದೆ. ಊರು, ಅಜ್ಜ, ಅಪ್ಪ ಎಲ್ಲರನ್ನೂ ಸೇರಿಸಿದರೆ ತುಂಡಾಗುವ ಅಪಾಯ. ಬೋರ್ಡಿಂಗ್ ಪಾಸಿನಲ್ಲಿ ಇಳಾ, ಕಾವೇರಿ ಎರಡೂ ಅಂಟಿಕೊಂಡು ಬಂದರೆ ಗಾಬರಿಯಾಗಬೇಡಿ, ಅದು ಮಾಮೂಲು.

ಇಂಗ್ಲಿಷ್ ಕಾಗುಣಿತ ಮನೆಯಲ್ಲೇ ತೀರ್ಮಾನವಾಗಲಿ. ಸತೀಶ್ ಎಂಬುದಕ್ಕೆ ನಮ್ಮಲ್ಲಿ ಕೆಲವರು 'ಟಿ' ಹಾಕುತ್ತಾರೆ, ಕೆಲವರು 'ಟಿಎಚ್'. ಅಪ್ಪನ ಪಾಸ್‌ಪೋರ್ಟ್ ಅಥವಾ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಸಿ, ಒಂದಕ್ಷರವೂ ಬೇರೆಯಾಗಬಾರದು. ಇಳಾಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನ ದೊಡ್ಡ 'ಐ' ಮತ್ತು ಚಿಕ್ಕ 'ಎಲ್' ಪಕ್ಕಪಕ್ಕ ಬಂದಾಗ ಎಷ್ಟೋ ಅಚ್ಚಿನಲ್ಲಿ ಎರಡೂ ಒಂದೇ ಗೀಟು. ಟೈಪ್ ಮಾಡುವವರು ಎರಡು 'ಎಲ್' ಒತ್ತಿಬಿಡುತ್ತಾರೆ. ಅರ್ಜಿಯಲ್ಲಿ ಮೂರೂ ಅಕ್ಷರ ದೊಡ್ಡಕ್ಷರದಲ್ಲೇ ಬರೆದುಕೊಡಿ, ಕರಡು ತೋರಿಸಿದಾಗ ಅಲ್ಲೇ ಓದಿ ನೋಡಿ.

ಆಸ್ಪತ್ರೆಯಲ್ಲಿ ಹೆಸರು ಹೇಳಿ ಎಂದು ಅವಸರ ಮಾಡಿದರೆ ಒಪ್ಪಬೇಡಿ. 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ, ಹೆಸರಿನದ್ದಲ್ಲ. ಹೆಸರಿನ ಕಾಲಂ ಖಾಲಿ ಬಿಡಿಸಿ. ನೋಂದಣಿಯಾದ ದಿನದಿಂದ 12 ತಿಂಗಳ ತನಕ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ 15 ವರ್ಷದ ತನಕ ತಡಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಖಾಲಿ ಕಾಲಂ ತುಂಬಿಸುವುದು ಒಂದು ಅರ್ಜಿಯ ಕೆಲಸ, ತುಂಬಿದ ಕಾಲಂ ಬದಲಿಸುವುದು ನಾವು ಇನ್ನೂ ಮುಗಿಸಿಲ್ಲದ ಕೆಲಸ. ನಾಮಕರಣ ಆಗಲಿ, ಒಂದು ತಿಂಗಳು ಇಳಾ ಕಾವೇರಿ ಎಂದು ಕರೆದು ನೋಡಿ, ಆಮೇಲೆ ಮೂರೂ ಪದ ಪೂರ್ತಿ ಬರೆದ ಚೀಟಿ ಹಿಡಿದು ನೋಂದಣಿ ಕಚೇರಿಗೆ ಹೋಗಿ.