ಪಂಚ್ ಫೇಸ್ ಬೆಕ್ಕಿನ ಕಣ್ಣೀರು

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಮಗಳ ಹಟಕ್ಕೆ ಪರ್ಷಿಯನ್ ಬೆಕ್ಕು ತಂದಿದ್ದೇವೆ. ಹೆಣ್ಣು, ಎರಡು ವರ್ಷ. ಮಾರಿದವರು ‘ಪಂಚ್ ಫೇಸ್’ (ಗುದ್ದಿದಂತೆ ಚಪ್ಪಟೆಯಾದ ಮುಖ) ಎಂದು ಹೇಳಿ ಹೆಚ್ಚಿಗೆ ಹಣ ಪಡೆದರು. ಎರಡೂ ಕಣ್ಣುಗಳಿಂದ ಸದಾ ನೀರು ಸುರಿದು ಮೂಗಿನ ಪಕ್ಕ ಕಂದು ಕಲೆಯಾಗಿದೆ. ನನಗೆ ಹಿಂದೊಮ್ಮೆ ಬರೆದುಕೊಟ್ಟ ಕಣ್ಣಿನ ಹನಿ ಉಳಿದಿದೆ, ಹಾಕಬಹುದೇ? ನಾವು ಸಸ್ಯಾಹಾರಿಗಳು, ಮೊಸರನ್ನ ಸಾಕೇ? ಇನ್ನೂ ಚಪ್ಪಟೆ ಮುಖದ ಗಂಡಿನೊಂದಿಗೆ ಕೂಡಿಸಿದರೆ ಮರಿಗಳಿಗೆ ಒಳ್ಳೆಯ ಬೆಲೆ ಬರುತ್ತದಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಹನಿಯ ಸೀಸೆಯನ್ನು ಎತ್ತಿಡಿ, ತಾಯಿ. ಮನುಷ್ಯರ ಕಣ್ಣಿನ ಎಷ್ಟೋ ಔಷಧಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಈ ತಳಿಯ ಕಣ್ಣುಗುಡ್ಡೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಗೀರು ಬಿದ್ದು ಹುಣ್ಣಾಗುವುದು ಬೇಗ. ಹುಣ್ಣಿನ ಮೇಲೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋದೀತು.

ನೀರು ಸುರಿಯುವುದಕ್ಕೆ ಸಾಮಾನ್ಯ ಕಾರಣ ಮುಖದ ರಚನೆ. ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ, ಮುಖ ಚಪ್ಪಟೆಯಾದಷ್ಟೂ ತೋಟದ ಪೈಪು ಮಡಚಿಕೊಂಡಂತೆ ಡೊಂಕಾಗುತ್ತದೆ. ನೀರು ಕೆನ್ನೆಗೆ ಇಳಿಯುತ್ತದೆ. ಇದಕ್ಕೆ ಔಷಧವಿಲ್ಲ, ಶುಚಿಯೇ ಗತಿ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಬೆಳಿಗ್ಗೆ ಸಂಜೆ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಆಮೇಲೆ ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಒದ್ದೆ ಮಡಿಕೆಯಲ್ಲಿ ಚರ್ಮ ಕೊಳೆಯುತ್ತದೆ. ಒಂದು ಕಣ್ಣನ್ನು ಕಿರಿದಾಗಿಸಿಕೊಂಡಿದ್ದರೆ, ಹಸಿರು ಪಿಸುರು ಬಂದರೆ ಅಥವಾ ಗುಡ್ಡೆ ಮಸುಕಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ನೀವು ಕೇಳದೆ ಬಿಟ್ಟದ್ದು ಉಸಿರಾಟ. ಬೆಕ್ಕು ಗಾಢ ನಿದ್ರೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಸಹಜ, ಬೆಕ್ಕಿಗೆ ಅಪಾಯದ ಸೂಚನೆ. ನಿಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ತಣ್ಣನೆಯ ನೆಲ, ಫ್ಯಾನು ಬೇಕೇ ಬೇಕು.

ಮೊಸರನ್ನ ಸಾಲದು. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಕೊರತೆಯಾದರೆ ದೃಷ್ಟಿ ಕುಂದುತ್ತದೆ, ಹೃದಯ ದುರ್ಬಲವಾಗುತ್ತದೆ. ಹಾಗೆಂದು ನಿಮ್ಮ ಒಲೆಯ ಮೇಲೆ ಮಾಂಸ ಬೇಯಿಸಬೇಕಿಲ್ಲ, ಬೆಕ್ಕಿಗೆಂದೇ ತಯಾರಿಸಿದ ಸಮತೋಲನ ಆಹಾರ ಅಂಗಡಿಯಲ್ಲಿ ಸಿಗುತ್ತದೆ. ಅಗಲವಾದ ತಟ್ಟೆಯಲ್ಲಿ ಕೊಡಿ. ಆಳದ ಬಟ್ಟಲಿಗೆ ಆ ಮುಖ ಇಳಿಯುವುದಿಲ್ಲ.

ಕೂದಲನ್ನು ದಿನಾ ಬಾಚಿ, ಕಂಕುಳು ಮತ್ತು ಹಿಂಗಾಲಿನ ನಡುವೆ ಮುಖ್ಯವಾಗಿ. ಮಗಳ ಕೈಯಲ್ಲಿ ದುಂಡನೆಯ ತುರಿಕೆ ಕಲೆ ಕಂಡರೆ ಗಜಕರ್ಣವಿರಬಹುದು. ಬೆಕ್ಕಿಗೂ ಮಗಳಿಗೂ ಒಟ್ಟಿಗೆ ಚಿಕಿತ್ಸೆ ಆಗಲಿ.

ಇನ್ನು ಮರಿಗಳ ವ್ಯಾಪಾರ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ಪ್ರದರ್ಶನ ನಡೆದಾಗ ಪರ್ಷಿಯನ್ನಿಗೆ ಮೂಗು ಎಂಬುದೊಂದು ಇತ್ತು. ಅದನ್ನು ಕಸಿದವರು ನಾವೇ, ಬಹುಮಾನದ ಆಸೆಗೆ. ಇನ್ನಷ್ಟು ಕಸಿಯಲು ನಾನು ಸಲಹೆ ಕೊಡುವುದಿಲ್ಲ. ದುಂಡು ತಲೆಯ ಮರಿಗಳು ಹೆರಿಗೆಯಲ್ಲಿ ಸಿಕ್ಕಿಕೊಂಡು ಸಿಸೇರಿಯನ್ ಮಾಡಬೇಕಾದೀತು. ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆಯೂ ಈ ತಳಿಯಲ್ಲಿ ವಂಶಪಾರಂಪರ್ಯ. ತಂದೆತಾಯಿಯರಲ್ಲಿ ಒಂದಕ್ಕಿದ್ದರೂ ಸರಾಸರಿ ಅರ್ಧ ಮರಿಗಳಿಗೆ ಬರುತ್ತದೆ. ಸ್ಕ್ಯಾನ್ ಅಥವಾ ಡಿಎನ್ಎ ಪರೀಕ್ಷೆಯಿಂದ ತಿಳಿಯಬಹುದು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಒಳ್ಳೆಯದು. ಮೊದಲೇ ಮೂತ್ರಪಿಂಡದ ರಕ್ತಪರೀಕ್ಷೆ ಆಗಲಿ. ಗೊರಕೆ ಹೊಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಅರಿವಳಿಕೆ ಪೂರ್ತಿ ಇಳಿದು ಎದ್ದು ನಡೆಯುವವರೆಗೆ ಮನೆಗೆ ಕರೆತರಬೇಡಿ.