ಹಳೆಯ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗುಚ್ಛಗಳನ್ನು ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸಗಳು ಸೇರಿಕೊಂಡಿವೆ. ಒಂದೊಂದು ಭಾಷೆಯ ಹಳೆಯ ಪುಸ್ತಕಗಳಲ್ಲಿ ಮರುಕಳಿಸುವ ಪದಗುಚ್ಛಗಳನ್ನು ಹೆಕ್ಕುವುದು ಮೊದಲನೆಯದು. ಇಂಗ್ಲಿಷಿನ ಒಂದು ಗುಚ್ಛಕ್ಕೆ ಸ್ಪ್ಯಾನಿಷಿನಲ್ಲಿ ಜೋಡಿ ಇದೆಯೇ ಎಂದು ನೋಡುವುದು ಎರಡನೆಯದು. ಪುಸ್ತಕಗಳನ್ನು ಇಳಿಸಿಕೊಂಡು ಎಣಿಸಿ ನೋಡಿದಾಗ ಪಟ್ಟಿಯ ತುದಿಯಲ್ಲಿ 'ಆಫ್ ದ', 'ಇನ್ ದ', 'ದೆ ಲಾ', 'ಎನ್ ಎಲ್' ಇಂಥ ಸಣ್ಣಪುಟ್ಟ ವ್ಯಾಕರಣ ಪದಗಳೇ ಬಂದವೆಂದು ಬರೆದಿದ್ದೀರಿ. ಬರಿಯ ಎಣಿಕೆಯಿಂದ ಸಿಗುವುದು ಅಷ್ಟೇ. ಈ ಕೆಲಸದಲ್ಲಿ ತೊಡಗಿರುವವನಾಗಿ ನನ್ನ ದೃಢವಾದ ಅಭಿಪ್ರಾಯವೆಂದರೆ, ಒಂದು ಗುಚ್ಛ ಎಷ್ಟು ಬಾರಿ ಬಂದಿದೆ ಎಂಬುದಕ್ಕಿಂತ ಅದು ಎಷ್ಟು ಪುಸ್ತಕಗಳಲ್ಲಿ ಹರಡಿದೆ, ಅಲ್ಲಿಗೆ ಎಲ್ಲಿಂದ ಬಂತು ಎಂಬುದನ್ನು ಕೇಳಬೇಕು. ಮುಂದಿನದೆಲ್ಲವನ್ನೂ ಆ ದೃಷ್ಟಿಯಿಂದಲೇ ಹೇಳುತ್ತೇನೆ.

ಪಠ್ಯ ಸಿಗುವ ಜಾಗಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 2010ರಲ್ಲಿ ಆರಂಭವಾದ ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಇವೆ. ಆದರೆ ಅದು ಐದು ಪದಗಳಿಗಿಂತ ಉದ್ದದ ಗುಚ್ಛವನ್ನು ತೋರಿಸುವುದಿಲ್ಲ, ಒಟ್ಟು ಸಂಗ್ರಹದಲ್ಲಿ 40 ಬಾರಿಗಿಂತ ಕಡಿಮೆ ಬಂದದ್ದನ್ನು ಸೇರಿಸಿಕೊಳ್ಳುವುದೂ ಇಲ್ಲ. ವರ್ಷವಾರು ಏರಿಳಿತ ನೋಡಲು ಅದು ಸಾಕು, ನಿಮ್ಮ ಉದ್ದೇಶಕ್ಕೆ ಸಾಲದು. 1700ರವರೆಗಿನ ಇಂಗ್ಲಿಷಿಗೆ ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್‌ನ ಪಠ್ಯಗಳನ್ನು ಬಳಸಿ. ಅವು ಯಂತ್ರ ಓದಿದವಲ್ಲ, ಜನ ಕುಳಿತು ಬೆರಳಚ್ಚು ಮಾಡಿದವು, ಮತ್ತು 2015ರಲ್ಲಿ ಸುಮಾರು 25,000 ಪಠ್ಯಗಳನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಲಾಯಿತು. ಸ್ಪ್ಯಾನಿಷಿಗೆ, ಆ ಭಾಷೆಯ ಕಾಗುಣಿತ ನಿಯಮಗಳನ್ನು ಗೊತ್ತುಪಡಿಸುವ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲಾದ ಕೋರ್ದೆ ಸಂಗ್ರಹವೂ, ಮಾರ್ಕ್ ಡೇವಿಸ್ ಅವರು ಕಟ್ಟಿದ 10 ಕೋಟಿ ಪದಗಳ ಕಾರ್ಪುಸ್ ದೆಲ್ ಎಸ್ಪಾನ್ಯೋಲ್ ಕೂಡ ಇವೆ. ಕೈಗೆ ಸಿಕ್ಕ ಗುಚ್ಛ ಬೇರೆಡೆಯೂ ಬಳಕೆಯಲ್ಲಿತ್ತೇ ಎಂದು ತಾಳೆ ನೋಡಲು ಇವೆರಡೂ ಬಹಳ ಉಪಯುಕ್ತ.

ಎಣಿಸುವ ಮುನ್ನ ಪಠ್ಯವನ್ನು ಹಸನು ಮಾಡಬೇಕು. ಹಳೆಯ ಪುಸ್ತಕಗಳನ್ನು ಉಚಿತವಾಗಿ ಒದಗಿಸುವ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಕಡತಗಳ ಮೊದಲಿಗೂ ಕೊನೆಗೂ ಪರವಾನಗಿಯ ಒಂದೇ ಒಕ್ಕಣೆ ಇರುತ್ತದೆ. ಅದನ್ನು ಕತ್ತರಿಸದಿದ್ದರೆ ಎಲ್ಲ ಪುಸ್ತಕಗಳಿಗೂ ಸಮಾನವಾದ ಉದ್ದನೆಯ ಗುಚ್ಛವಾಗಿ ಅದೇ ಮೊದಲು ಕಾಣಿಸಿಕೊಳ್ಳುತ್ತದೆ, ಅದೂ ಸ್ಪ್ಯಾನಿಷ್ ಪುಸ್ತಕಗಳಲ್ಲಿ ಇಂಗ್ಲಿಷಿನಲ್ಲೇ. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಪ್ರತಿ ಪುಟದ ನೆತ್ತಿಯ ಮೇಲಿನ ಶೀರ್ಷಿಕೆ ಇದೇ ಬಗೆಯ ಹುಸಿ ಪುನರಾವೃತ್ತಿಯನ್ನು ಹುಟ್ಟಿಸುತ್ತದೆ. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಮುದ್ರಕರು, ಹಾಳೆಗಳ ಕ್ರಮ ತಪ್ಪದಿರಲೆಂದು, ಮುಂದಿನ ಪುಟದ ಮೊದಲ ಪದವನ್ನು ಈ ಪುಟದ ಕೆಳಮೂಲೆಯಲ್ಲೂ ಅಚ್ಚು ಹಾಕುತ್ತಿದ್ದರು. ಅದನ್ನು ತೆಗೆಯದಿದ್ದರೆ ಪುಟ ತಿರುವುವ ಜಾಗದಲ್ಲೆಲ್ಲ ಒಂದು ಪದ ಎರಡು ಬಾರಿ ಎಣಿಕೆಯಾಗುತ್ತದೆ. ಆ ಕಾಲದ ಉದ್ದನೆಯ ಎಸ್ ಅಕ್ಷರವನ್ನು ಯಂತ್ರವು ಎಫ್ ಎಂದು ಓದಿ 'ಬೆಸ್ಟ್' ಎಂಬುದನ್ನು 'ಬೆಫ್ಟ್' ಮಾಡುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ತೊಂದರೆ ಯೂನಿಕೋಡ್‌ನದು. ನೆತ್ತಿಯ ಮೇಲೆ ಅಲೆಗೆರೆಯಿರುವ ಸ್ಪ್ಯಾನಿಷಿನ ಎನ್ಯೆ ಅಕ್ಷರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎನ್ ಮತ್ತು ಗೆರೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಎಣಿಸುವ ಯಂತ್ರಕ್ಕೆ ಬೇರೆ ಬೇರೆ. ಕನ್ನಡದ 'ಕೊ' ಅಕ್ಷರದ ಸ್ವರಚಿಹ್ನೆಗೂ ಇದೇ ಗುಣವಿರುವುದರಿಂದ ಕನ್ನಡ ಪಠ್ಯಗಳಲ್ಲಿ ಹುಡುಕಾಡಿದವರಿಗೆ ಇದು ಹೊಸದಲ್ಲ. ಎಲ್ಲ ಕಡತಗಳನ್ನೂ, ಇಂಥ ಅಕ್ಷರಗಳನ್ನು ಒಂದೇ ಸಂಕೇತವಾಗಿ ಬರೆಯುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡೇ ಮುಂದುವರಿಯಿರಿ.

ಕಾಗುಣಿತದ ಬದಲಾವಣೆ ಇದಕ್ಕಿಂತ ಆಳವಾದ ಸಮಸ್ಯೆ. 1605ರ 'ದೋನ್ ಕಿಹೋತೆ' ಎಂಬ ಸ್ಪ್ಯಾನಿಷ್ ಕಾದಂಬರಿಯ ಮೊದಲ ಮುದ್ರಣದಲ್ಲಿ 'ಹೇಳಿದನು' ಎಂಬ ಅರ್ಥದ 'ದಿಹೋ' ಪದದ ನಡುವೆ ಎಕ್ಸ್ ಇದೆ. ಆ ಜಾಗದಲ್ಲಿ ಜೆ ಬರೆಯಬೇಕೆಂದು ಅಕಾಡೆಮಿಯು ಗೊತ್ತುಪಡಿಸಿದ್ದು 1815ರಲ್ಲಿ. ಆದ್ದರಿಂದ ಹಳೆಯ ಮುದ್ರಣವನ್ನೂ ಹೊಸ ಮುದ್ರಣವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಆ ಕ್ರಿಯಾಪದವಿರುವ ಗುಚ್ಛಗಳೆಲ್ಲ ಎರಡಾಗಿ ಒಡೆಯುತ್ತವೆ. ಇಂಗ್ಲಿಷಿನ ಕಾಗುಣಿತವನ್ನು ಏಕರೂಪಕ್ಕೆ ತರಲು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಾರ್ಡ್ ಎಂಬ ತಂತ್ರಾಂಶವಿದೆ. ಹಳೆಯ ಸ್ಪ್ಯಾನಿಷನ್ನು ವಿಶ್ಲೇಷಿಸಲು ಕ್ಯಾಟಲೋನಿಯಾದಲ್ಲಿ ರೂಪುಗೊಂಡ ಫ್ರೀಲಿಂಗ್ ಇದೆ. ಯಾವುದನ್ನು ಬಳಸಿದರೂ ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ತಿದ್ದಿದ್ದನ್ನು ಬೇರೆ ಕಡತದಲ್ಲಿ ಇಡಿ. ಮುಂದೆ ಸಂಶಯ ಬಂದಾಗ ಮೂಲದ ಸಾಲಿಗೆ ಹಿಂತಿರುಗಲು ದಾರಿ ಇರಲೇಬೇಕು.

ಎಣಿಕೆಗೆ ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶ ಸಾಕು. ಎರಡರಿಂದ ಆರು ಪದಗಳವರೆಗಿನ ಗುಚ್ಛಗಳನ್ನು ಅದು ಪಟ್ಟಿ ಮಾಡುತ್ತದೆ, ಪ್ರತಿಯೊಂದೂ ಎಷ್ಟು ಕಡತಗಳಲ್ಲಿ ಬಂದಿದೆ ಎಂಬುದನ್ನೂ ತೋರಿಸುತ್ತದೆ. ಈ ಎರಡನೆಯ ಸಂಖ್ಯೆಯೇ ಮುಖ್ಯ. 'ಹೀಗಾಯಿತು' ಎಂಬ ಅರ್ಥದ 'ಇಟ್ ಕೇಮ್ ಟು ಪಾಸ್' ಎಂಬ ಗುಚ್ಛವನ್ನೇ ನೋಡಿ. 1830ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಾರ್ಮನ್ ಪಂಥದ ಧರ್ಮಗ್ರಂಥವೊಂದರಲ್ಲೇ ಅದು ಸಾವಿರಕ್ಕೂ ಹೆಚ್ಚು ಬಾರಿ ಬರುತ್ತದೆ. ಆ ಒಂದು ಪುಸ್ತಕ ನಿಮ್ಮ ಸಂಗ್ರಹದಲ್ಲಿದ್ದರೆ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲೆಲ್ಲ ಆ ಮಾತು ತುಂಬಿಕೊಂಡಿತ್ತು ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೀರಿ. ಇನ್ನು 'ಆಫ್ ದ' ಬಗೆಯ ಗುಚ್ಛಗಳನ್ನು ಕೆಳಗಿಳಿಸಲು, ಎರಡು ಪದಗಳು ಆಕಸ್ಮಿಕವಾಗಿ ಜೊತೆಯಾಗುವುದಕ್ಕಿಂತ ಎಷ್ಟು ಹೆಚ್ಚು ಬಾರಿ ಜೊತೆಯಾಗಿವೆ ಎಂದು ಅಳೆಯಬೇಕು. ಮ್ಯೂಚುಯಲ್ ಇನ್ಫರ್ಮೇಶನ್ ಎಂಬ ಅಳತೆ ಅಪರೂಪದ ಪದಗಳನ್ನು ಅತಿಯಾಗಿ ಮೇಲೆತ್ತುತ್ತದೆ. 1993ರಲ್ಲಿ ಟೆಡ್ ಡನ್ನಿಂಗ್ ಅವರು ಪ್ರತಿಪಾದಿಸಿದ ಲಾಗ್ ಲೈಕ್ಲಿಹುಡ್ ಅಳತೆ ಸಣ್ಣ ಸಂಗ್ರಹಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹ ಎಂದು ನಾನು ಭಾವಿಸುತ್ತೇನೆ.

ಎರಡು ಭಾಷೆಗಳ ಗುಚ್ಛಗಳನ್ನು ಪದಸಂಖ್ಯೆಯ ಮೇಲೆ ಜೋಡಿಸಲು ಹೋಗಬೇಡಿ. ಇಂಗ್ಲಿಷಿನ 'ಹಿ ಸೆಡ್ ಟು ಹಿಮ್' ಎಂಬ ನಾಲ್ಕು ಪದಗಳು ಹಳೆಯ ಸ್ಪ್ಯಾನಿಷಿನಲ್ಲಿ 'ದಿಹೋಲೆ' ಎಂಬ ಒಂದೇ ಪದವಾಗಿಬಿಡುತ್ತವೆ, ಏಕೆಂದರೆ ಅಲ್ಲಿ ಕರ್ತೃ ಕ್ರಿಯಾಪದದಲ್ಲೇ ಅಡಗಿದೆ, ಸರ್ವನಾಮ ಅದರ ಬಾಲಕ್ಕೆ ಅಂಟಿಕೊಂಡಿದೆ. ಕನ್ನಡಿಗರಾದ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಪದಗಳನ್ನಲ್ಲ, ಜಾಗವನ್ನು ಹಿಡಿದು ಜೋಡಿಸಬೇಕು: ಒಂದೇ ಕೃತಿಯ ಎರಡು ರೂಪಗಳನ್ನು ತೆಗೆದುಕೊಂಡು, ಇಲ್ಲಿ ಈ ಗುಚ್ಛ ಬಂದಲ್ಲೆಲ್ಲ ಅಲ್ಲಿ ಏನು ಬಂದಿದೆ ಎಂದು ಕೇಳಬೇಕು.

ಅದಕ್ಕೆ ಬೈಬಲ್‌ಗಿಂತ ಒಳ್ಳೆಯ ಸಾಮಗ್ರಿ ಇಲ್ಲ, ಏಕೆಂದರೆ ಅಧ್ಯಾಯ ಮತ್ತು ವಚನಗಳ ಸಂಖ್ಯೆ ಜೋಡಣೆಯ ಕೆಲಸವನ್ನು ಆಗಲೇ ಮಾಡಿಟ್ಟಿದೆ. ಆದಿಕಾಂಡದ 4ನೆಯ ಅಧ್ಯಾಯದ 8ನೆಯ ವಚನದಲ್ಲಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದವು 'ಇಟ್ ಕೇಮ್ ಟು ಪಾಸ್' ಎನ್ನುವಲ್ಲಿ ಸ್ಪ್ಯಾನಿಷಿನ ರೇನಾ-ವಲೇರಾ ಅನುವಾದದ 1909ರ ಪರಿಷ್ಕರಣೆಯು 'ಅಕೊಂತೆಸಿಯೋ' ಎನ್ನುತ್ತದೆ. 6ನೆಯ ಅಧ್ಯಾಯದ ಆರಂಭದಲ್ಲಿ ಇಂಗ್ಲಿಷ್ ಅದೇ ಮಾತನ್ನು ಉಳಿಸಿಕೊಂಡರೆ ಸ್ಪ್ಯಾನಿಷ್ ಅದೇ ಅರ್ಥದ 'ಅಕಾಯೆಸಿಯೋ' ಎಂದು ಬದಲಾಗುತ್ತದೆ. ಅಂದರೆ ಇಂಗ್ಲಿಷಿನಲ್ಲಿ ಎದ್ದು ಕಾಣುವ ಒಂದು ಪುನರಾವೃತ್ತಿ ಸ್ಪ್ಯಾನಿಷಿನ ಪಟ್ಟಿಯಲ್ಲಿ ಹಲವಾಗಿ ಚದುರಿ ಕೆಳಗೆ ಬಿದ್ದಿರುತ್ತದೆ, ಮತ್ತು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಈ ಸಂಬಂಧ ಎಂದೂ ಕಾಣುವುದಿಲ್ಲ. ಇನ್ನೂ ಒಂದು ಸಂಗತಿಯಿದೆ. ರೇನಾ ಅವರ ಅನುವಾದ ಬಂದದ್ದು 1569ರಲ್ಲಿ, ಕಿಂಗ್ ಜೇಮ್ಸ್ ಅನುವಾದ 1611ರಲ್ಲಿ. ಒಂದು ಇನ್ನೊಂದರಿಂದ ಈ ಮಾತನ್ನು ಕಲಿತದ್ದಲ್ಲ, ಎರಡರ ಹಿಂದೆಯೂ ಮೂಲ ಹೀಬ್ರೂವಿನ 'ವಯೆಹಿ' ಇದೆ. ಎರಡು ಭಾಷೆಗಳಲ್ಲಿ ಸಮಾನವಾದ ಗುಚ್ಛ ಸಿಕ್ಕಾಗ ಮೂರನೆಯ ಭಾಷೆಯನ್ನು ವಿಚಾರಿಸದೆ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಲ್ಯಾಟಿನ್ ಈ ರೀತಿ ಅದೆಷ್ಟೋ ಗುಚ್ಛಗಳ ಹಿಂದೆ ಇದೆ.

ಪ್ರತಿಯ ವರ್ಷವನ್ನೂ ಖಚಿತಪಡಿಸಿಕೊಳ್ಳಿ. ಕಿಂಗ್ ಜೇಮ್ಸ್ ಎಂದು ಸಾಮಾನ್ಯವಾಗಿ ಸಿಗುವುದು 1769ರಲ್ಲಿ ಕಾಗುಣಿತ ತಿದ್ದಿದ ಪಠ್ಯ; 1611ರ ಮುದ್ರಣದಲ್ಲಿ 'ಪಾಸ್' ಪದದ ಕೊನೆಗೆ ಒಂದು ಇ ಹೆಚ್ಚಿಗೆ ಇದೆ. 1909ರ ಸ್ಪ್ಯಾನಿಷ್ ಪಠ್ಯದಲ್ಲಿ 'ಗೆ' ಅಥವಾ 'ಕ್ಕೆ' ಎಂಬ ಅರ್ಥದ 'ಆ' ಎಂಬ ಪುಟ್ಟ ಪದದ ಮೇಲೆ ಒತ್ತುಗೆರೆಯಿದೆ. ಅಕಾಡೆಮಿ ಅದನ್ನು ಕೈಬಿಟ್ಟದ್ದು 1911ರಲ್ಲಿ. ಆ ಪದವಿರುವ ಗುಚ್ಛಗಳು ಸಾವಿರಾರು.

ವಚನಸಂಖ್ಯೆ ಇಲ್ಲದ ಕೃತಿಗಳಿಗೆ, ಉದಾಹರಣೆಗೆ ಕಿಹೋತೆ ಮತ್ತು 1612ರಲ್ಲಿ ಬಂದ ಥಾಮಸ್ ಶೆಲ್ಟನ್ ಅವರ ಇಂಗ್ಲಿಷ್ ಅನುವಾದಕ್ಕೆ, ಮೊದಲು ಅಧ್ಯಾಯಗಳನ್ನು ಜೋಡಿಸಿ, ಆಮೇಲೆ ವಾಕ್ಯಗಳ ಉದ್ದವನ್ನು ಹೋಲಿಸಿ ಜೋಡಿಸುವ ಗೇಲ್ ಮತ್ತು ಚರ್ಚ್ ಎಂಬ ಸಂಶೋಧಕರ ವಿಧಾನವನ್ನು ಬಳಸಬಹುದು. ಹಳೆಯ ಅನುವಾದಕರು ವಾಕ್ಯಗಳನ್ನು ಧಾರಾಳವಾಗಿ ಕೂಡಿಸುತ್ತಿದ್ದರು, ಒಡೆಯುತ್ತಿದ್ದರು. ಹಾಗಾಗಿ ಫಲಿತಾಂಶವನ್ನು ಕಣ್ಣಿನಿಂದ ಪರಿಶೀಲಿಸದೆ ಬಳಸಬೇಡಿ.

ನೀವು ಆದಿಕಾಂಡದ 50 ಅಧ್ಯಾಯಗಳಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಇಂಗ್ಲಿಷಿನಲ್ಲಿ ಹತ್ತಕ್ಕಿಂತ ಹೆಚ್ಚು ಅಧ್ಯಾಯಗಳಲ್ಲಿ ಬರುವ ಮೂರರಿಂದ ಐದು ಪದಗಳ ಗುಚ್ಛಗಳನ್ನು ಆರಿಸಿ, ಅವು ಬರುವ ವಚನಗಳ ಸ್ಪ್ಯಾನಿಷ್ ರೂಪವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ನಂತರ ಸ್ಪ್ಯಾನಿಷಿನಿಂದ ಹೊರಟು ಇದನ್ನೇ ಹಿಮ್ಮುಖವಾಗಿ ಮಾಡಿ. ಎರಡೂ ದಿಕ್ಕಿನಿಂದ ಉಳಿದುಕೊಂಡ ಜೋಡಿಗಳನ್ನು ಹಿಡಿದುಕೊಂಡು ನಿಮ್ಮ ದೊಡ್ಡ ಸಂಗ್ರಹಕ್ಕೆ ಹೋದರೆ, ಯಾವ ಲೇಖಕರು ಬೈಬಲ್‌ನ ಧಾಟಿಯನ್ನು ಬಳಸಿದ್ದಾರೆ, ಯಾವ ಗುಚ್ಛಗಳು ಅದರ ಹೊರಗಿನವು ಎಂಬುದನ್ನು ಬೇರ್ಪಡಿಸಲು ನಿಮಗೆ ಆಧಾರ ದೊರೆಯುತ್ತದೆ.